ಬಳ್ಳಾರಿ ಬಿಸಿಲಲ್ಲಿ ಹಣ್ಣಿನ ಸ್ಕೋನ್: ನಸುಕಿನ ಹಿಟ್ಟು, ನಾಲ್ಕರ ಚಹಾ

ನಾನು ಮೊದಲ ಸಲ ಸ್ಕೋನ್ ಮಾಡಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮೂರು ಗಂಟೆಗೆ. ಬಳ್ಳಾರಿ ಗೊತ್ತಿದ್ದವರು ಇಷ್ಟರಲ್ಲೇ ನನ್ನ ತಪ್ಪು ಹಿಡಿದುಬಿಡುತ್ತಾರೆ. ಫ್ರಿಜ್‌ನಿಂದ ತೆಗೆದ ಬೆಣ್ಣೆ ಮೈದಾಕ್ಕೆ ಬೀಳುವ ಹೊತ್ತಿಗೆ ಬೆವರಿತ್ತು, ಬೆರಳು ಆಡಿಸುವ ಹೊತ್ತಿಗೆ ಎಣ್ಣೆಯಾಗಿತ್ತು. ಓವನ್‌ನಿಂದ ಹೊರಬಂದದ್ದು ಎಂಟು ಚಪ್ಪಟೆ ಬಿಲ್ಲೆಗಳು, ಸುತ್ತ ಕರಗಿದ ಬೆಣ್ಣೆಯ ಕೆರೆ. ಅವ್ವ ಒಂದನ್ನು ಎತ್ತಿ, ತಿರುಗಿಸಿ ನೋಡಿ, "ಇದೇನು ಬಿಸ್ಕೀಟಾ, ಬನ್ನಾ? ಯಾವುದಾದ್ರೂ ಒಂದು ಮಾಡು" ಅಂದಳು.

ನಾನು ಅನುಸರಿಸಿದ ಅಳತೆಯಲ್ಲಿ ತಪ್ಪಿರಲಿಲ್ಲ. ಅದನ್ನು ಬರೆದವರ ಅಡುಗೆಮನೆ ತಣ್ಣಗಿತ್ತು, ಅಷ್ಟೆ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿ ಆಸುಪಾಸಿನಲ್ಲಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ 40 ದಾಟಿರುತ್ತದೆ, ಒಲೆ ಹೊತ್ತಿಸಿದ ಅಡುಗೆಮನೆಯ ಮಾತು ಬೇಡ. ಊರ ನಡುವಿನ ಕಲ್ಲುಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ಅರ್ಧ ರಾತ್ರಿಯವರೆಗೂ ಉಸಿರಾಡುತ್ತಿರುತ್ತದೆ. ಬೆಣ್ಣೆ ಬೆಣ್ಣೆಯಾಗಿಯೇ ಉಳಿಯುವ ಹೊತ್ತು ಇಲ್ಲಿ ದಿನಕ್ಕೆ ಒಂದೇ, ನಸುಕು.

ಎರಡು ಮೂರು ಸಲ ಕೆಟ್ಟ ಮೇಲೆ ಕಂಡುಕೊಂಡ ದಾರಿ ಇದು: ಹಿಟ್ಟು ಕಲೆಸುವುದು ಬೆಳಿಗ್ಗೆ ಐದೂವರೆಗೆ, ಬೇಯಿಸುವುದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ, ನಡುವಿನ ಹತ್ತು ತಾಸು ಫ್ರೀಜರ್ ಪಾಲು. ಕೆಳಗಿನ ಹಂತಗಳು ಆ ಗಡಿಯಾರದಂತೆಯೇ ಸಾಗುತ್ತವೆ. ರಾಯಚೂರು, ಕೊಪ್ಪಳದವರಿಗೂ ಇದೇ ಗಡಿಯಾರ ಸಾಕು; ಬಿಸಿಲಲ್ಲಿ ನಾವೆಲ್ಲ ಅಣ್ಣತಮ್ಮಂದಿರೇ.

ಮೊದಲು, ಇದು ಯಾವ ತಿಂಡಿ

ಸ್ಕೋನ್ ಕೇಕ್ ಅಲ್ಲ, ಬನ್ನೂ ಅಲ್ಲ. ಈಸ್ಟ್ ಇಲ್ಲದೆ, ಹುದುಗು ಬರಿಸದೆ, ಬೇಕಿಂಗ್ ಪೌಡರ್‌ನಿಂದ ಉಬ್ಬುವ ದಪ್ಪ ತುಂಡು. ಹೊರಗೆ ತುಸು ಗರಿ, ಒಳಗೆ ಮೆತ್ತಗೆ, ಕೈಯಲ್ಲಿ ಮುರಿದರೆ ಪದರಾಗಿ ಬಿಡಿಸಿಕೊಳ್ಳಬೇಕು. ಸಿಹಿ ಕಡಿಮೆ, ಯಾಕೆಂದರೆ ಮೇಲೆ ಜಾಮ್ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ನಮ್ಮ ಕಡೆಯ ಬೀಗರು "ಸಪ್ಪಗದಲ್ರೀ" ಎಂದು ತಟ್ಟೆ ಸರಿಸುತ್ತಾರೆ. ನನಗೆ ಅನುಭವವಿದೆ.

ಇದು ಸ್ಕಾಟ್ಲೆಂಡಿನ ತಿಂಡಿ. ಸ್ಕೋನ್ ಎಂಬ ಪದ 1513ರಲ್ಲೇ ಸ್ಕಾಟ್ಲೆಂಡಿನ ಕವಿ ಗ್ಯಾವಿನ್ ಡಗ್ಲಸ್ ಬರವಣಿಗೆಯಲ್ಲಿ ಸಿಗುತ್ತದೆ. ಆಗ ಸಾಮಾನ್ಯರ ಮನೆಗಳಲ್ಲಿ ಓವನ್ ಇರಲಿಲ್ಲ, ಬೇಕಿಂಗ್ ಪೌಡರಂತೂ ಇರಲೇ ಇಲ್ಲ. ಓಟ್ಸ್, ಬಾರ್ಲಿ ಹಿಟ್ಟನ್ನು ಕಲೆಸಿ, ತಟ್ಟಿ, ಕಬ್ಬಿಣದ ಹಂಚಿನ ಮೇಲೆ ಸುಡುತ್ತಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಇದನ್ನು ಓದಿದಾಗ ಅರ್ಧ ಭಯ ಹೋಯಿತು. ಇವತ್ತಿನ ಉಬ್ಬಿದ ರೂಪ ಬಂದದ್ದು ಬೇಕಿಂಗ್ ಪೌಡರ್ ಬಂದ ಮೇಲೆ. 1843ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಅದನ್ನು ತಯಾರಿಸಿದ, ಹೆಂಡತಿಗೆ ಈಸ್ಟ್ ಒಗ್ಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಮಧ್ಯಾಹ್ನದ ಚಹಾದ ರೂಢಿಯನ್ನು 1840ರ ಆಸುಪಾಸಿನಲ್ಲಿ ಬೆಡ್‌ಫರ್ಡ್‌ನ ಡಚೆಸ್ ಅನ್ನಾ ಶುರು ಮಾಡಿದಳು ಎನ್ನುತ್ತಾರೆ. ರಾತ್ರಿ ಊಟ ಎಂಟಕ್ಕೆ, ನಡುವೆ ಹಸಿವು. ಹೋಟೆಲುಗಳು ಇದನ್ನೇ ಹೈ ಟೀ ಎಂದು ಕರೆಯುವುದುಂಟು. ಅದು ತಲೆಕೆಳಗು. ಹೈ ಟೀ ಎಂದರೆ ಕೆಲಸದಿಂದ ಬಂದ ಕಾರ್ಮಿಕರು ಊಟದ ಮೇಜಿನಲ್ಲಿ ಕೂತು ಮಾಡುತ್ತಿದ್ದ ಸಂಜೆಯ ಗಟ್ಟಿ ಊಟ.

ಬಳ್ಳಾರಿಗೂ ಸ್ಕಾಟ್ಲೆಂಡಿಗೂ ಹಳೆಯ ಎಳೆಯೊಂದಿದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ, ದತ್ತ ಮಂಡಲ ಎಂದು ಹೆಸರಾದ ಆ ಸೀಮೆಗೆ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಗ್ಲಾಸ್ಗೋದವನು. ಕಂಟೋನ್ಮೆಂಟ್ ಕಡೆಯ ಹಳೆಯ ಬಂಗಲೆಗಳನ್ನು ದಾಟುವಾಗಲೆಲ್ಲ ನನಗೊಂದೇ ಯೋಚನೆ: ಫ್ರಿಜ್ ಇಲ್ಲದ ಕಾಲದಲ್ಲಿ ಆ ಮನೆಗಳ ಬಟ್ಲರ್‌ಗಳು ಬೆಣ್ಣೆಯನ್ನು ಹೆಂಗೆ ಸಂಭಾಳಿಸಿದರಪ್ಪಾ!

ಸಾಮಾನು

ಒಂಬತ್ತು ಸ್ಕೋನ್‌ಗೆ ಅಳತೆ ಹೀಗಿದೆ. ಬೇಕಿಂಗ್‌ಗೆ ಕಣ್ಣಳತೆ ನಡೆಯುವುದಿಲ್ಲ, ಚಿಕ್ಕ ತೂಕದ ಯಂತ್ರವೊಂದು ಮನೆಯಲ್ಲಿದ್ದರೆ ಒಳ್ಳೆಯದು.

ಮೈದಾ 300 ಗ್ರಾಂ (240 ಮಿಲಿ ಕಪ್ಪಿನಲ್ಲಿ ಸುಮಾರು ಎರಡೂವರೆ ಕಪ್ಪು)
ಬೇಕಿಂಗ್ ಪೌಡರ್ 3 ಟೀ ಚಮಚ, ತಲೆ ಸವರಿದ್ದು
ಸಕ್ಕರೆ 40 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ್ದು
ಉಪ್ಪು ಕಾಲು ಟೀ ಚಮಚ
ಉಪ್ಪಿಲ್ಲದ ಬೆಣ್ಣೆ 75 ಗ್ರಾಂ
ಗಟ್ಟಿ ಮೊಸರು 60 ಮಿಲಿ ಮತ್ತು ಹಾಲು 100 ಮಿಲಿ, ಎರಡೂ ಫ್ರಿಜ್‌ನಲ್ಲಿಟ್ಟದ್ದು
ಒಣ ಹಣ್ಣು 80 ಗ್ರಾಂ
ಮೇಲೆ ಸವರಲು ಎರಡು ಚಮಚ ಹಾಲು

ಮೊಟ್ಟೆ ಹಾಕಿಲ್ಲ. ಹಾಕುವ ಪದ್ಧತಿಯೂ ಇದೆ, ಆದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಇಲ್ಲದೆಯೂ ಏನೂ ಕಡಿಮೆಯಾಗಿಲ್ಲ. ಮೊಸರಿನ ಹುಳಿ ಹಿಟ್ಟನ್ನು ಮೆದುವಾಗಿಸುತ್ತದೆ, ಬೇಕಿಂಗ್ ಪೌಡರ್‌ಗೂ ಒತ್ತಾಸೆ.

ಬೆಣ್ಣೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಇಡೀ ಆಟ ಅದರ ಮೇಲೇ ನಿಂತಿದೆ. ಬೆಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲು ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು. ಗಟ್ಟಿ ಬೆಣ್ಣೆಯ ಸಣ್ಣ ತುಣುಕುಗಳು ಹಿಟ್ಟಿನೊಳಗೆ ಹಾಗೇ ಕೂತಿದ್ದು, ಕಾದ ಓವನ್‌ಗೆ ಹೋದಾಗ ಥಟ್ಟನೆ ಕರಗುತ್ತವೆ. ಅದರ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ, ಬೆಣ್ಣೆ ಇದ್ದ ಜಾಗ ಪದರಾಗಿ ಉಳಿಯುತ್ತದೆ. ಬೆಣ್ಣೆ ಮೊದಲೇ ಕರಗಿ ಮೈದಾಕ್ಕೆ ಇಂಗಿಬಿಟ್ಟರೆ ಎತ್ತುವುದಕ್ಕೆ ಯಾರೂ ಇಲ್ಲ. ತುಪ್ಪ ಹಾಕಬಹುದಾ ಎಂದು ಓಣಿಯ ಅಕ್ಕ ಒಬ್ಬರು ಕೇಳಿದರು. ತುಪ್ಪದಲ್ಲಿ ನೀರೇ ಇಲ್ಲ, ಆಗುವುದು ನಾನ್‌ಖಟಾಯಿ. ಅದೂ ಒಳ್ಳೆಯದೇ, ಆದರೆ ಬೇರೆ ಪದಾರ್ಥ. ಡಾಲ್ಡಾ ಸೆಖೆಯಲ್ಲಿ ಬೆಣ್ಣೆಗಿಂತ ಗಟ್ಟಿ ನಿಲ್ಲುತ್ತದೆ, ನಿಜ. ತಿಂದ ಮೇಲೆ ಅಂಗುಳಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ, ಅದೂ ನಿಜ. ನಂದಿನಿ ಪ್ಯಾಕೆಟ್ ಬೆಣ್ಣೆ ಸಾಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ಎರಡು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ, ಹತ್ತು ಗ್ರಾಂ ಹೆಚ್ಚಿಗೆ ತೆಗೆದುಕೊಳ್ಳಿ. ಅದನ್ನೂ ಉಂಡೆ ಕಟ್ಟಿ ಫ್ರೀಜರ್‌ಗೇ ಹಾಕಬೇಕು.

ಮೈದಾ ಬದಲು ಚಪಾತಿ ಹಿಟ್ಟು ಹಾಕುವುದಾದರೆ ಮೂರನೇ ಒಂದು ಪಾಲು ಮೀರಬೇಡಿ. ಇನ್ನು ಬೇಕಿಂಗ್ ಪೌಡರ್. ಹಿಂದಿನ ವರ್ಷದ ಹುಟ್ಟುಹಬ್ಬಕ್ಕೆ ತಂದ ಡಬ್ಬಿ ಕಪಾಟಿನ ಮೂಲೆಯಲ್ಲಿ ಇರುತ್ತದಲ್ಲ, ಅದನ್ನು ನಂಬಬೇಡಿ. ಅರ್ಧ ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ. ಸೋಡಾ ಬಾಟಲಿ ತೆರೆದಂತೆ ಭುಸ್ಸೆಂದರೆ ಜೀವ ಇದೆ, ಸುಮ್ಮನೆ ಮುಳುಗಿದರೆ ಹೊಸ ಡಬ್ಬಿ ತನ್ನಿ.

ಹಣ್ಣು ಯಾವುದು

ಇಂಗ್ಲಿಷರ ಹಣ್ಣಿನ ಸ್ಕೋನ್‌ನಲ್ಲಿ ಒಣದ್ರಾಕ್ಷಿ. ನಮಗೆ ಅದರ ಬರವಿಲ್ಲ, ನಮ್ಮ ಉತ್ತರ ಕರ್ನಾಟಕದ ವಿಜಯಪುರವೇ ಒಣದ್ರಾಕ್ಷಿಯ ಕಣಜ. ಆದರೆ ಬಳ್ಳಾರಿಯಲ್ಲಿ ಕೂತು ಅಂಜೂರ ಬಿಡುವುದು ಹೆಂಗೆ? ನಮ್ಮ ಜಿಲ್ಲೆ ಅಂಜೂರಕ್ಕೆ ಹೆಸರಾದದ್ದು. ನಾನು ಅರ್ಧ ಒಣ ಅಂಜೂರ, ಅರ್ಧ ಕಪ್ಪು ಒಣದ್ರಾಕ್ಷಿ ಹಾಕುತ್ತೇನೆ. ಅಂಜೂರದ ಸಣ್ಣ ಬೀಜ ಹಲ್ಲಿಗೆ ಸಿಕ್ಕಿ ಕಟುಕಟು ಅನ್ನುವುದು ಒಂದು ಸುಖ.

ಹಣ್ಣನ್ನು ಒಣಗಿದ್ದಂತೆಯೇ ಹಾಕಿದರೆ ಅದು ಹಿಟ್ಟಿನ ತೇವವನ್ನೆಲ್ಲ ಹೀರುತ್ತದೆ, ಮೇಲೆ ಕಾಣುವ ಚೂರು ಸುಟ್ಟು ಕಹಿಯಾಗುತ್ತದೆ. ಹಿಂದಿನ ರಾತ್ರಿ ಅಂಜೂರವನ್ನು ಒಣದ್ರಾಕ್ಷಿ ಗಾತ್ರಕ್ಕೆ ಕತ್ತರಿಸಿ, ಎರಡನ್ನೂ ಹಾಲಿಲ್ಲದ ಬಿಸಿ ಚಹಾದಲ್ಲಿ ಹತ್ತು ನಿಮಿಷ ನೆನೆಸಿ. ಸೋಸಿ, ಹತ್ತಿ ಬಟ್ಟೆಯ ಮೇಲೆ ಹರವಿ, ಮೇಲಿನ ಪಸೆ ಪೂರ್ತಿ ಹೋಗುವವರೆಗೆ ಒತ್ತಿ. ನಮ್ಮ ಒಣ ಹವೆಯಲ್ಲಿ ಅರ್ಧ ತಾಸಿಗೆ ಆಗಿಬಿಡುತ್ತದೆ. ಬಿಸಿಲು ನಮಗೆ ಮಾಡುವ ಉಪಕಾರ ಇದೊಂದೇ. ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ.

ಹಸಿ ಹಣ್ಣಿನ ಆಸೆ ಬೇಡ. ಕುಷ್ಟಗಿ ಕಡೆಯ ದಾಳಿಂಬೆ ಎಷ್ಟು ಚೆಂದವಿದ್ದರೂ ಹಿಟ್ಟಿನಲ್ಲಿ ಒಡೆದು ರಸ ಬಿಡುತ್ತದೆ, ಸ್ಕೋನ್ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತಟ್ಟೆಯಲ್ಲಿ ಪಕ್ಕಕ್ಕೆ ಉದುರಿಸಿ. ಮಾವಿನ ಹಣ್ಣಿನದೂ ಇದೇ ಕಥೆ. ಟೂಟಿಫ್ರೂಟಿ ಹಾಕಿದರೆ ಮಕ್ಕಳು ಕುಣಿಯುತ್ತಾರೆ. ಹಾಕುವುದಾದರೆ ಸಕ್ಕರೆ ಅರ್ಧಕ್ಕೆ ಇಳಿಸಿ.

ಹಿಂದಿನ ರಾತ್ರಿ

ಹಣ್ಣಿನ ಕೆಲಸ ಆಯಿತು. ಇನ್ನು ಮೂರೇ ಕೆಲಸ. ಮೈದಾ, ಬೇಕಿಂಗ್ ಪೌಡರ್, ಸಕ್ಕರೆ ಪುಡಿ, ಉಪ್ಪನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿದು ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ, ಪಾತ್ರೆ ಸಮೇತ ಫ್ರಿಜ್‌ಗೆ. ಬೆಣ್ಣೆ ಗಟ್ಟಿಯಾಗಿ ಫ್ರೀಜರ್‌ಗೆ. ಎರಡು ನೀರಿನ ಬಾಟಲಿಗಳನ್ನೂ ಮುಕ್ಕಾಲು ತುಂಬಿ ಫ್ರೀಜರ್‌ಗೆ ಹಾಕಿ, ಕಟ್ಟೆ ತಣಿಸಲು ಬೇಕು.

ಬೆಳಿಗ್ಗೆ ಐದೂವರೆ

ಎದ್ದ ಕೂಡಲೇ ಒಲೆ ಹಚ್ಚಬೇಡಿ. ಮೊದಲ ಚಹಾ ಕೂಡ ಹಿಟ್ಟು ಮುಗಿದ ಮೇಲೆ. ನನ್ನ ಯಜಮಾನರಿಗೆ ಈ ನಿಯಮ ಅಷ್ಟಾಗಿ ಒಪ್ಪಿಗೆಯಿಲ್ಲ.

ಅಡುಗೆ ಕಟ್ಟೆಯ ಕಲ್ಲು ನಸುಕಿನಲ್ಲೂ ಬೆಚ್ಚಗೇ ಇರುತ್ತದೆ. ಕೆಲಸ ಮಾಡುವ ಜಾಗದ ಮೇಲೆ ಹೆಪ್ಪುಗಟ್ಟಿದ ಬಾಟಲಿಗಳನ್ನು ಹತ್ತು ನಿಮಿಷ ಉರುಳಿಸಿ, ಒಣ ಬಟ್ಟೆಯಿಂದ ಒರೆಸಿ. ಕಲ್ಲು ಬಿಸಿಯನ್ನು ಹಿಡಿದುಕೊಂಡಂತೆ ತಂಪನ್ನೂ ಹಿಡಿದುಕೊಳ್ಳುತ್ತದೆ, ಮುಂದಿನ ಕಾಲು ತಾಸು ಅದು ನಿಮ್ಮ ಕಡೆ.

ಈಗ ಬೆಣ್ಣೆ. ತುರಿಮಣೆಯ ದೊಡ್ಡ ಕಣ್ಣಿನ ಕಡೆ ತುರಿಯಿರಿ, ನೇರವಾಗಿ ತಣ್ಣನೆ ಮೈದಾದ ಮೇಲೆ ಬೀಳಲಿ. ಬೆಣ್ಣೆಯನ್ನು ಅದರ ಕಾಗದದಿಂದಲೇ ಹಿಡಿದುಕೊಳ್ಳಿ, ಬೆರಳಿನ ಬಿಸಿ ತಾಗದಂತೆ. ಮೂರು ನಾಲ್ಕು ಸಲ ನಡುನಡುವೆ ಮೈದಾ ಉದುರಿಸಿ ಕೈಯಾಡಿಸಿದರೆ ತುರಿ ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಬೆರಳ ತುದಿಯಿಂದ ಮಾತ್ರ, ರಂಗೋಲಿ ಪುಡಿ ಬಿಡುವಂತೆ, ಎತ್ತಿ ಉಜ್ಜಿ ಬಿಡಿ. ಅಂಗೈ ಮುಟ್ಟಬಾರದು. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಹೆಚ್ಚಿನದೆಲ್ಲ ಉಪ್ಪಿಟ್ಟಿನ ರವೆಯಂತೆ ಕಾಣಬೇಕು, ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆ ಚೂರು ಉಳಿದಿರಬೇಕು. ಚೂರು ಉಳಿದಿದೆಯಲ್ಲ ಎಂದು ಇನ್ನಷ್ಟು ಉಜ್ಜುವ ಕೈಯನ್ನು ಅಲ್ಲೇ ತಡೆಯಿರಿ. ಕೈ ಬಿಸಿ ಇರುವವರು ಮಿಕ್ಸಿಯ ದೊಡ್ಡ ಜಾರಿನಲ್ಲಿ ಅರ್ಧರ್ಧ ಹಾಕಿ, ಮೂರೇ ಸಲ ಟಕ್ ಟಕ್ ಎಂದು ತಿರುಗಿಸಿ ನಿಲ್ಲಿಸಬಹುದು. ಬೆಣ್ಣೆ ಹೊಳೆಯತೊಡಗಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಪಾತ್ರೆಯನ್ನು ಹತ್ತು ನಿಮಿಷ ಫ್ರೀಜರ್‌ಗೆ ತಳ್ಳಿ. ನಾಚಿಕೆ ಪಡುವ ವಿಷಯವಲ್ಲ, ಮೇ ತಿಂಗಳಲ್ಲಿ ನಾನೂ ಎರಡು ಸಲ ತಳ್ಳುತ್ತೇನೆ.

ಹಣ್ಣು ಬೆರೆಸಿ. ಮೊಸರು, ಹಾಲು ಕಲಸಿ, ಎರಡು ಚಮಚ ಹಿಡಿದಿಟ್ಟು ಉಳಿದದ್ದನ್ನು ಒಮ್ಮೆಲೇ ಸುರಿಯಿರಿ. ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೋದರೆ ಕಲೆಸುವುದು ಹೆಚ್ಚಾಗುತ್ತದೆ. ಮೊಂಡು ಚಾಕುವಿನಿಂದ ಹದಿನೈದು ಸುತ್ತು ತಿರುವಿ. ಹಿಟ್ಟು ಚಿಂದಿಚಿಂದಿಯಾಗಿ, ಅಲ್ಲಲ್ಲಿ ಒಣಪುಡಿ ಕಾಣುತ್ತ, ಮುಟ್ಟಿದರೆ ಸ್ವಲ್ಪ ಅಂಟುವಂತಿರಬೇಕು. ಪಾತ್ರೆಯ ತಳದಲ್ಲಿ ಇನ್ನೂ ಒಣ ಹಿಟ್ಟು ತುಂಬಾ ಉಳಿದಿದ್ದರೆ ಮಾತ್ರ ಆ ಎರಡು ಚಮಚ. ಬೇಸಿಗೆಯಲ್ಲಿ ನಮ್ಮ ಮೈದಾ ಒಣಗಿರುತ್ತದೆ, ಹೆಚ್ಚಾಗಿ ಅದೂ ಬೇಕಾಗುತ್ತದೆ. ಮಳೆಗಾಲದಲ್ಲಿ ಬೇಡ.

ಇಲ್ಲಿ ನಮ್ಮ ಹೆಣ್ಣುಮಕ್ಕಳ ಕೈ ತಪ್ಪುತ್ತದೆ, ನನ್ನದೂ ಸೇರಿ. ಹಿಟ್ಟು ಕಂಡರೆ ನಾದುವುದು ನಮ್ಮ ರಕ್ತದಲ್ಲಿದೆ. "ನಾದಿದಷ್ಟೂ ಮೆತ್ತಗಾಗ್ತತಿ" ಎಂದು ಅವ್ವ ಚಪಾತಿಗೆ ಹೇಳಿಕೊಟ್ಟದ್ದು ಇಲ್ಲಿ ಪೂರ್ತಿ ಉಲ್ಟಾ. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಇದೆ, ನೀರು ತಾಗಿ ನಾದಿಸಿಕೊಂಡರೆ ಅದು ರಬ್ಬರಿನಂತೆ ಎಳೆ ಕಟ್ಟುತ್ತದೆ. ಚಪಾತಿಗೆ ಆ ಎಳೆ ಬೇಕು, ಸ್ಕೋನ್‌ಗೆ ಬೇಡ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ರೊಟ್ಟಿಯ ಹಿಟ್ಟನ್ನು ಬಿಸಿನೀರು ಹಾಕಿ ಎಷ್ಟು ಮಿದ್ದರೂ ಕೆಡುವುದಿಲ್ಲ. ಚಪಾತಿ ಕೈಯನ್ನು ಮರೆತು, ರೊಟ್ಟಿ ತಟ್ಟುವ ಹಗುರ ಕೈಯನ್ನು ನೆನಪಿಸಿಕೊಳ್ಳಿ.

ತಂಪು ಕಟ್ಟೆಗೆ ಮೈದಾ ಉದುರಿಸಿ ಹಿಟ್ಟನ್ನು ಸುರಿಯಿರಿ. ಎರಡೂ ಕೈಯಿಂದ ಪಕ್ಕಗಳನ್ನು ಒಳಕ್ಕೆ ಒತ್ತರಿಸಿ ಒಂದು ಚೌಕ ಮಾಡಿ. ತಟ್ಟಿ ಉದ್ದ ಮಾಡಿ, ಕಾಗದ ಮಡಚುವಂತೆ ಮೂರು ಮಡಿಕೆ ಹಾಕಿ, ಅಡ್ಡಕ್ಕೆ ತಿರುಗಿಸಿ ಮತ್ತೊಮ್ಮೆ ಅದೇ ಮಾಡಿ. ಎರಡೇ ಸಲ. ಮೊದಲ ಸಲ ಹರಿದು ಉದುರುತ್ತದೆ, ಎರಡನೇ ಸಲಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಲಟ್ಟಣಿಗೆ ಬೇಡ. ಕೊನೆಗೆ 15 ಸೆಂಟಿಮೀಟರ್ ಉದ್ದಗಲದ, ಎರಡೂವರೆ ಸೆಂಟಿಮೀಟರ್ ದಪ್ಪದ ಚೌಕಕ್ಕೆ ತಟ್ಟಿ. ತೆಳ್ಳಗೆ ತಟ್ಟಿ ಓವನ್‌ನಲ್ಲಿ ಉಬ್ಬುತ್ತದೆ ಎಂದು ಕಾಯುವವರು ಬಹಳ. ಅರ್ಧ ಎತ್ತರವನ್ನು ನೀವೇ ಕೊಡಬೇಕು.

ಹರಿತ ಚಾಕುವಿನಿಂದ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಗೆರೆ. ಒಂಬತ್ತು ಚೌಕ ಸಿದ್ಧ. ಮೇಲಿಂದ ನೇರ ಇಳಿಸಿ ಎತ್ತಿ, ಗರಗಸದಂತೆ ಎಳೆಯಬೇಡಿ. ಎಳೆದರೆ ಅಂಚಿನ ಪದರಗಳು ಒಂದಕ್ಕೊಂದು ಮೆತ್ತಿ ಮುಚ್ಚಿಹೋಗುತ್ತವೆ, ಸ್ಕೋನ್ ಒಂದು ಕಡೆ ವಾಲುತ್ತದೆ. ದುಂಡಗೇ ಬೇಕೆಂದು ಸ್ಟೀಲ್ ಲೋಟದಿಂದ ಒತ್ತುವವರಿಗೂ ಇದೇ ತೊಂದರೆ, ಲೋಟದ ಅಂಚು ಮೊಂಡು. ಅಲ್ಲದೆ ದುಂಡಗೆ ಕತ್ತರಿಸಿದರೆ ಉಳಿದ ಚೂರುಗಳನ್ನು ಮತ್ತೆ ಕೂಡಿಸಿ ನಾದಬೇಕಾಗುತ್ತದೆ, ಆ ಎರಡನೇ ಸುತ್ತಿನ ಸ್ಕೋನ್ ಯಾವಾಗಲೂ ಬಡಕಲು. ನನ್ನ ಮಟ್ಟಿಗೆ ಚೌಕವೇ ಲೇಸು.

ಮೇಲ್ಮೈಯಲ್ಲಿ ಇಣುಕುವ ಹಣ್ಣಿನ ಚೂರುಗಳನ್ನು ಬೆರಳಿಂದ ಒಳಕ್ಕೆ ಒತ್ತಿ. ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರ್‌ಗೆ. ಎರಡು ತಾಸಿನಲ್ಲಿ ಕಲ್ಲಾಗುತ್ತವೆ, ಆಮೇಲೆ ಡಬ್ಬಿಗೆ ತುಂಬಿ ಮುಚ್ಚಿಡಿ. ಇವತ್ತೇ ಎಲ್ಲ ಬೇಯಿಸಬೇಕೆಂದಿಲ್ಲ, ಎರಡು ಮೂರು ವಾರ ಚೆನ್ನಾಗಿಯೇ ಇರುತ್ತವೆ. ಬೀಗರು ಹೇಳದೆ ಬಂದಾಗ ಎರಡು ತೆಗೆದು ಬೇಯಿಸಿದರೆ ನಿಮ್ಮ ಮರ್ಯಾದೆ ಒಂದು ಮೆಟ್ಟಿಲು ಮೇಲೆ.

ಈಗ ಒಲೆ ಹಚ್ಚಿ, ಚಹಾ ಇಡಿ. ಯಜಮಾನರು ಕಾಯುತ್ತಿದ್ದಾರೆ.

ಮಧ್ಯಾಹ್ನ ಮೂರೂಕಾಲು

ಓಟಿಜಿಯನ್ನು (ಮನೆಯ ಸಣ್ಣ ಕರೆಂಟ್ ಓವನ್) 220 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ಕಂಬಿ ಹೊತ್ತುವಂತೆ ಇಟ್ಟು, ಇಪ್ಪತ್ತು ನಿಮಿಷ ಖಾಲಿ ಕಾಯಿಸಿ. ಸೂಚಕ ದೀಪ ಆರಿದ ಮಾತ್ರಕ್ಕೆ ನಂಬಬೇಡಿ. ಮನೆಯ ಸಣ್ಣ ಓವನ್‌ಗಳು ತಿರುಗಣೆಯಲ್ಲಿ ತೋರಿಸುವುದಕ್ಕೂ ಒಳಗಿನ ಬಿಸಿಗೂ ವ್ಯತ್ಯಾಸವಿರುತ್ತದೆ. ಒಳಗೆ ಇಡುವ ಪುಟ್ಟ ಥರ್ಮಾಮೀಟರ್ ಕೊಂಡ ಮೇಲೆ ನನ್ನದು ಇಪ್ಪತ್ತು ಡಿಗ್ರಿ ಸೋಮಾರಿ ಎಂದು ಗೊತ್ತಾಯಿತು. ಬಿಸಿ ಸಾಲದಿದ್ದರೆ ಬೆಣ್ಣೆ ಮೆಲ್ಲಗೆ ಸೋರುತ್ತದೆ, ಸ್ಕೋನ್ ಹರಡುತ್ತದೆ.

ಫ್ರೀಜರ್‌ನಿಂದ ತೆಗೆದದ್ದನ್ನು ಕರಗಲು ಬಿಡದೆ ನೇರ ಟ್ರೇಗೆ ಜೋಡಿಸಿ. ನಡುವೆ ಒಂದು ಬೆರಳು ಜಾಗ ಸಾಕು. ಹತ್ತಿರ ಕೂತರೆ ಒಂದಕ್ಕೊಂದು ಒತ್ತಾಸೆಯಾಗಿ ಮೇಲಕ್ಕೆ ಏಳುತ್ತವೆ. ನೆತ್ತಿಗೆ ಮಾತ್ರ ಹಾಲು ಸವರಿ. ಪಕ್ಕಕ್ಕೆ ಇಳಿದ ಹಾಲು ಪದರಗಳನ್ನು ಅಂಟಿಸಿಬಿಡುತ್ತದೆ. ನಡು ಅಂತಸ್ತಿನಲ್ಲಿಟ್ಟು 220ರಲ್ಲಿ ಆರು ನಿಮಿಷ, ಆಮೇಲೆ 200ಕ್ಕೆ ಇಳಿಸಿ ಇನ್ನು ಹನ್ನೆರಡರಿಂದ ಹದಿನಾಲ್ಕು ನಿಮಿಷ. ಹೆಪ್ಪುಗಟ್ಟಿಸದೆ ಆಗಲೇ ಬೇಯಿಸುವುದಾದರೆ ಒಟ್ಟು ಹದಿಮೂರು ಹದಿನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಕನ್ವೆಕ್ಷನ್ ಮೈಕ್ರೋವೇವ್ ಇದ್ದವರು 200ಕ್ಕೆ ಮೊದಲೇ ಕಾಯಿಸಿ, ಗಿಡ್ಡ ಸ್ಟ್ಯಾಂಡಿನ ಮೇಲಿಟ್ಟು ಇಪ್ಪತ್ತರಿಂದ ಇಪ್ಪತ್ತೆರಡು ನಿಮಿಷ ಬೇಯಿಸಲಿ. ಬರೀ ಮೈಕ್ರೋವೇವ್‌ನಲ್ಲಿ ಆಗುವುದಿಲ್ಲ.

ಮೊದಲ ಹತ್ತು ನಿಮಿಷ ಬಾಗಿಲು ತೆರೆಯಬೇಡಿ. ನೆತ್ತಿ ಹೊಂಬಣ್ಣ, ತಳ ಕಂದು, ಪಕ್ಕ ಬಿಳಿಚಾಗಿದ್ದರೂ ಮುಟ್ಟಿದರೆ ಒಣ, ಒತ್ತಿದರೆ ಪುಟಿದೇಳಬೇಕು. ಅನುಮಾನವಿದ್ದರೆ ಒಂದನ್ನು ಮುರಿಯಿರಿ. ಅಡುಗೆ ಮಾಡಿದವರಿಗೆ ಒಂದರ ಹಕ್ಕು ಇದ್ದೇ ಇದೆ. ಹೊರತೆಗೆದು ಜಾಲರಿಯ ಮೇಲೆ ಹತ್ತು ನಿಮಿಷ ಆರಲಿ. ಮೇಲೆ ಮೆತ್ತಗೆ ಬೇಕೆಂದರೆ ತೆಳು ಬಟ್ಟೆ ಮುಚ್ಚಿ, ಗರಿ ಬೇಕೆಂದರೆ ಹಾಗೇ ಬಿಡಿ.

ಕರೆಂಟ್ ಹೋದರೆ

ಒಮ್ಮೆ ನಾಲ್ಕು ಮಂದಿ ಹಾಲ್‌ನಲ್ಲಿ ಕೂತಿದ್ದಾಗ, ಸ್ಕೋನ್ ಓವನ್‌ಗೆ ಹೋದ ಏಳನೇ ನಿಮಿಷಕ್ಕೆ ಕರೆಂಟ್ ಹೋಯಿತು. ಐದು ನಿಮಿಷ ಕಾದೆ. ಫ್ಯಾನು ತಿರುಗಲಿಲ್ಲ. ಒಳಗಿಂದ ಅವ್ವ, "ಹಂಚು ಐತಲ್ಲ, ಅದಕ್ಕೇನು ಕರೆಂಟ್ ಬೇಕಾ?" ಅಂದಳು. ಅರೆಬೆಂದ ಸ್ಕೋನ್‌ಗಳನ್ನು ರೊಟ್ಟಿ ಹಂಚಿಗೆ ಇಳಿಸಿ, ಸಣ್ಣ ಉರಿಯಲ್ಲಿ ತಿರುವಿ ಹಾಕಿ, ನಾಲ್ಕೂ ಪಕ್ಕ ನಿಲ್ಲಿಸಿ ಸುಟ್ಟೆವು. ಐನೂರು ವರ್ಷದ ಹಿಂದಿನ ಸ್ಕಾಟ್ಲೆಂಡಿನ ಹೆಂಗಸರು ಮಾಡಿದ್ದೂ ಇದನ್ನೇ ಎಂದು ಅವ್ವನಿಗೆ ಆಮೇಲೆ ಹೇಳಿದೆ. "ಮತ್ತೆ ಅಷ್ಟು ದುಡ್ಡು ಕೊಟ್ಟು ಆ ಪೆಟ್ಟಿಗೆ ಯಾಕ ತಂದಿ?" ಅನ್ನುವುದು ಅವಳ ಪ್ರಶ್ನೆ.

ಓವನ್ ಇಲ್ಲದವರು ಮೊದಲಿನಿಂದಲೇ ಹಂಚಿನಲ್ಲಿ ಮಾಡಬಹುದು. ಅದೇ ಹಿಟ್ಟು, ಅರ್ಧರ್ಧ ಪಾಲು ಮಾಡಿ, ಒಂದೂವರೆ ಸೆಂಟಿಮೀಟರ್ ದಪ್ಪದ ದುಂಡು ತಟ್ಟಿ, ನಾಲ್ಕು ತ್ರಿಕೋನವಾಗಿ ಕತ್ತರಿಸಿ. ಇದನ್ನು ಹೆಪ್ಪುಗಟ್ಟಿಸಬೇಡಿ, ಫ್ರಿಜ್‌ನಲ್ಲಿ ಅರ್ಧ ತಾಸು ಸಾಕು. ಕಲ್ಲಾದದ್ದು ಹಂಚಿನ ಮೇಲೆ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ದಪ್ಪ ಕಬ್ಬಿಣದ ಹಂಚು, ಎಣ್ಣೆ ಬೇಡ. ಚಿಟಿಕೆ ಮೈದಾ ಉದುರಿಸಿದರೆ ಅದು ಒಂದೆರಡು ನಿಮಿಷದಲ್ಲಿ ನಿಧಾನಕ್ಕೆ ಕೆನೆಬಣ್ಣಕ್ಕೆ ತಿರುಗಬೇಕು. ಕ್ಷಣದಲ್ಲಿ ಕಪ್ಪಾದರೆ ಉರಿ ಹೆಚ್ಚು. ರೊಟ್ಟಿಯ ಉರಿಯ ಅರ್ಧದಷ್ಟೂ ಬೇಡ. ಪ್ರತಿ ಮಗ್ಗುಲು ಆರೇಳು ನಿಮಿಷ, ಕೊನೆಗೆ ಅಂಚು ನಿಲ್ಲಿಸಿ ಒಂದೊಂದು ನಿಮಿಷ. ಓವನ್‌ನದರಷ್ಟು ಎತ್ತರ ಬರುವುದಿಲ್ಲ, ಹಂಚಿನ ಘಮ ಮಾತ್ರ ಓವನ್‌ನಲ್ಲಿ ಸಿಗುವುದಿಲ್ಲ.

ಜೊತೆಗೆ ಏನು

ಇಂಗ್ಲೆಂಡಿನಲ್ಲಿ ಸ್ಕೋನ್ ಜೊತೆ ಸ್ಟ್ರಾಬೆರಿ ಜಾಮ್ ಮತ್ತು ಕ್ಲಾಟೆಡ್ ಕ್ರೀಮ್, ಅಂದರೆ ಮೆಲ್ಲಗೆ ಕಾಯಿಸಿ ತೆಗೆದ ಗಟ್ಟಿ ಕೆನೆ. ಡೆವನ್ ಜಿಲ್ಲೆಯವರು ಮೊದಲು ಕ್ರೀಮ್ ಸವರಿ ಮೇಲೆ ಜಾಮ್ ಹಾಕುತ್ತಾರೆ, ಪಕ್ಕದ ಕಾರ್ನ್‌ವಾಲ್‌ನವರು ಮೊದಲು ಜಾಮ್, ಮೇಲೆ ಕ್ರೀಮ್. ಇದಕ್ಕೆ ಎರಡು ಜಿಲ್ಲೆಗೂ ಹಳೆಯ ಜಗಳ. ಮಿರ್ಚಿಯನ್ನು ಮಂಡಕ್ಕಿ ಜೊತೆ ಕಚ್ಚಿ ತಿನ್ನಬೇಕೋ, ಮುರಿದು ಕಲೆಸಬೇಕೋ ಎಂದು ಜಗಳವಾಡುವ ನಮಗೆ ಇದು ಅರ್ಥವಾಗದ್ದೇನಲ್ಲ. ನಾನು ಕಾರ್ನ್‌ವಾಲ್ ಪಕ್ಷ. ಬಿಸಿ ಸ್ಕೋನ್ ಮೇಲೆ ಮೊದಲು ಕ್ರೀಮ್ ಹಾಕಿದರೆ ಈ ಊರಿನಲ್ಲಿ ಜಾಮ್ ಬರುವಷ್ಟರಲ್ಲಿ ಅದು ಹರಿದುಹೋಗಿರುತ್ತದೆ.

ಕಾರ್ನ್‌ವಾಲ್‌ನ ಆ ಕ್ರೀಮ್‌ನಲ್ಲಿ ಕನಿಷ್ಠ ನೂರಕ್ಕೆ 55 ಪಾಲು ಕೊಬ್ಬು ಇರಬೇಕೆಂಬ ನಿಯಮವಿದೆ. ಇಲ್ಲಿ ಸಿಗುವ ಪೊಟ್ಟಣದ ಕ್ರೀಮ್ ಅದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಎಮ್ಮೆ ಹಾಲಿನ ಕೆನೆ ಬರುತ್ತದೆ. ಒಂದು ಲೀಟರ್ ಎಮ್ಮೆ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಉಕ್ಕು ಬರಿಸಿ, ಉರಿ ತೀರ ಸಣ್ಣದು ಮಾಡಿ ಅರ್ಧ ತಾಸು ಅಲುಗಾಡಿಸದೆ ಬಿಡಿ. ಆರಿದ ಮೇಲೆ ಪಾತ್ರೆ ಕದಲಿಸದೆ ಫ್ರಿಜ್‌ಗೆ, ರಾತ್ರಿಯೆಲ್ಲ. ಬೆಳಿಗ್ಗೆ ಕಂಬಳಿಯಂಥ ಕೆನೆ ಏಳುತ್ತದೆ. ಎರಡು ದಿನದ ಕೆನೆ ಕೂಡಿಸಿ, ಚಮಚದಿಂದ ನಾಲ್ಕೇ ಸಲ ತಿರುವಿ. ಹೆಚ್ಚು ತಿರುವಿದರೆ ಬೆಣ್ಣೆಯಾಗುತ್ತದೆ.

ಜಾಮ್‌ಗೆ ಮತ್ತೆ ಅಂಜೂರ. 150 ಗ್ರಾಂ ಒಣ ಅಂಜೂರವನ್ನು ಮುಳುಗುವಷ್ಟು ನೀರಿನಲ್ಲಿ ಎರಡು ತಾಸು ನೆನೆಸಿ, ಅದೇ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಎರಡು ಚಮಚ ಬೆಲ್ಲ ಹಾಕಿ ಮಸೆಯಿರಿ. ಗಟ್ಟಿಯಾಗಿ ತಳ ಬಿಡುತ್ತ ಬಂದಾಗ ಇಳಿಸಿ ಒಂದು ನಿಂಬೆಹಣ್ಣು ಹಿಂಡಿ. ಹುಳಿ ಇಲ್ಲದಿದ್ದರೆ ಬರೀ ಸಿಹಿ, ಎರಡನೇ ತುತ್ತಿಗೇ ಸಾಕೆನಿಸುತ್ತದೆ. ವಾರದೊಳಗೆ ಮುಗಿಸಿ, ಫ್ರಿಜ್‌ನಲ್ಲೇ ಇಡಿ.

ಚಹಾ ನಮ್ಮ ಖಡಕ್ ಚಹಾವೇ ಇರಲಿ, ಶುಂಠಿ ಏಲಕ್ಕಿ ಮಾತ್ರ ಬಿಟ್ಟುಬಿಡಿ, ಅಂಜೂರದ ರುಚಿ ಮುಳುಗುತ್ತದೆ. ಸಕ್ಕರೆ ಅರ್ಧ. ಸ್ಕೋನ್ ಅನ್ನು ಚಾಕುವಿನಿಂದ ಕೊಯ್ಯದೆ ನಡುವಿನ ಬಿರುಕಿನಲ್ಲಿ ಹೆಬ್ಬೆರಳಿಟ್ಟು ಎರಡು ಹೋಳು ಮಾಡಿ. ಚೆನ್ನಾಗಿ ಮಾಡಿದ್ದರೆ ಆ ಬಿರುಕು ತಾನಾಗಿಯೇ ಬಿಟ್ಟಿರುತ್ತದೆ. ಚಹಾದಲ್ಲಿ ಅದ್ದಬೇಡಿ, ಪಾರ್ಲೆ ಬಿಸ್ಕೀಟಿನಂತೆ ಅಂದುಕೊಂಡು ಅದ್ದಿದವರ ಕಪ್ಪಿನ ತಳದಿಂದ ಅರ್ಧ ಸ್ಕೋನ್ ಎತ್ತಿಕೊಟ್ಟಿದ್ದೇನೆ.

ಉಳಿದರೆ

ಸ್ಕೋನ್ ಬೇಯಿಸಿದ ದಿನವೇ ಚೆಂದ, ಮರುದಿನಕ್ಕೆ ಬಿರುಸಾಗುತ್ತದೆ. ಉಳಿದದ್ದನ್ನು ಎರಡು ಹೋಳು ಮಾಡಿ, ಮುರಿದ ಮುಖ ಕೆಳಗೆ ಬರುವಂತೆ ಹಂಚಿನ ಮೇಲೆ ಬಿಸಿ ಮಾಡಿ ಬೆಣ್ಣೆ ಹಚ್ಚಿ. ಅವ್ವ ಅದರ ಮೇಲೆ ಒಂದು ಚಮಚ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಉದುರಿಸಿಕೊಳ್ಳುತ್ತಾಳೆ. ನಾನು ನಕ್ಕೆ, ಆಮೇಲೆ ತಿಂದು ನೋಡಿದೆ. ಈಗ ಒಂಬತ್ತರಲ್ಲಿ ಎರಡನ್ನು ಬೇಕಂತಲೇ ಮರುದಿನಕ್ಕೆ ಎತ್ತಿಡುತ್ತೇನೆ.